ಕುದಿಸಿದರೂ ನೀರಿನ ಗಡಸುತನ ಏಕೆ ಉಳಿಯುತ್ತದೆ?

ಪ್ರಶ್ನೆ:
ಸ್ಪರ್ಧಾತ್ಮಕ ಪರೀಕ್ಷೆಗಾಗಿ ರಸಾಯನಶಾಸ್ತ್ರವನ್ನು ಮೊದಲಿನಿಂದ ಓದುತ್ತಿದ್ದೇನೆ. ಕುದಿಸಿದರೆ ಗಡಸುತನ ಹೋಗುತ್ತದೆ ಎಂದು ಪಾಠದಲ್ಲಿದೆ. ಕೋಲಾರ ಜಿಲ್ಲೆಯ ನಮ್ಮ ಮನೆಯಲ್ಲಿ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದೇನೋ ನಿಜ. ಆದರೆ ಆ ನೀರು ಆರಿದ ಮೇಲೂ ಸೋಪಿಗೆ ನೊರೆ ಏಳುವುದಿಲ್ಲ. ಪಟಿಕ, ಕ್ಲೋರಿನ್, ವಾಷಿಂಗ್ ಸೋಡಾ ಎಲ್ಲವೂ ಶುದ್ಧೀಕರಣ ಎಂಬ ಒಂದೇ ತಲೆಬರಹದಡಿ ಬರುವುದರಿಂದ ಯಾವುದು ಯಾವುದಕ್ಕೆ ಎಂಬುದು ಕಲಸಿಹೋಗುತ್ತಿದೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಆ ಬಿಳಿ ಪದರದಲ್ಲಿಯೇ ಅರ್ಧ ಉತ್ತರವಿದೆ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾವಿಗೆ ವಿಭಜನೆಗೊಂಡು, ಕಾರ್ಬನ್ ಡೈಆಕ್ಸೈಡ್ ಹೊರಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಅಂಟಿಕೊಳ್ಳುತ್ತದೆ. ಇದು ತಾತ್ಕಾಲಿಕ ಗಡಸುತನ. ಮೆಗ್ನೀಸಿಯಂ ಬೈಕಾರ್ಬೊನೇಟಿನಿಂದ ಮಾತ್ರ ಕುದಿಸಿದಾಗ ಹೈಡ್ರಾಕ್ಸೈಡ್ ದೊರೆಯುತ್ತದೆ. ಆಯ್ಕೆಗಳಲ್ಲಿ ಕಾರ್ಬೊನೇಟ್ ಎಂದು ಕಂಡರೆ ಒಂದು ಕ್ಷಣ ನಿಂತು ಯೋಚಿಸಿ.

ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕ್ಲೋರೈಡ್ ಮತ್ತು ಸಲ್ಫೇಟ್‌ಗಳು ಕುದಿಯುವ ನೀರಿನಲ್ಲಿ ವಿಭಜನೆಗೊಳ್ಳದೆ ಹಾಗೆಯೇ ಉಳಿದು ಸೋಪನ್ನು ಕರಗದ ಗಷ್ಟಾಗಿಸುತ್ತವೆ. ಶಾಶ್ವತ ಗಡಸುತನವೆಂದರೆ ಇದೇ. ನೀವೇ ಪರೀಕ್ಷಿಸಬಹುದು: ನೀರನ್ನು ಚೆನ್ನಾಗಿ ಕುದಿಸಿ, ಸೋಸಿ, ಗಾಜಿನ ಲೋಟದಲ್ಲಿ ಚಿಟಿಕೆ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ಹಾಕಿ. ತಿಳಿನೀರು ಹಾಲಿನಂತೆ ಬೆಳ್ಳಗಾದರೆ, ಕುದಿಸಿದರೂ ಹೋಗದಿದ್ದ ಕ್ಯಾಲ್ಸಿಯಂ ಈಗ ಕಾರ್ಬೊನೇಟಾಗಿ ಪ್ರಕ್ಷೇಪಗೊಳ್ಳುತ್ತಿದೆ ಎಂದರ್ಥ.

ಉತ್ತರ 2:
ಪಟಿಕದ ಗುರಿಯೇ ಬೇರೆ. ಋಣಾವೇಶವಿರುವ ಮಣ್ಣಿನ ಸೂಕ್ಷ್ಮ ಕಣಗಳು ಪರಸ್ಪರ ವಿಕರ್ಷಿಸುತ್ತ ತೇಲುತ್ತಿರುತ್ತವೆ; ಅಲ್ಯೂಮಿನಿಯಂ ಅಯಾನುಗಳು ಆ ಆವೇಶವನ್ನು ತಟಸ್ಥಗೊಳಿಸಿದಾಗ ಕಣಗಳು ಮುದ್ದೆಗಟ್ಟಿ ಕೆಳಗಿಳಿಯುತ್ತವೆ. ಇದರಿಂದ ಗಡಸುತನ ಕಡಿಮೆಯಾಗುವುದಿಲ್ಲ. ಬೈಕಾರ್ಬೊನೇಟಿನ ಒಂದಷ್ಟು ಭಾಗ ಸಲ್ಫೇಟಾಗಿ ಬದಲಾಗುತ್ತದೆ, ಅಷ್ಟೆ. ಕ್ಲೋರಿನ್ ನೀರಿನೊಡನೆ ಸೇರಿ ಹೈಪೋಕ್ಲೋರಸ್ ಆಮ್ಲವನ್ನು ಕೊಡುತ್ತದೆ, ಅದು ರೋಗಾಣುಗಳನ್ನು ಕೊಲ್ಲುತ್ತದೆ.

ಕೋಲಾರದವರು ಎಂದಿದ್ದರಿಂದ ಇನ್ನೊಂದು ಮಾತು ಹೇಳಲೇಬೇಕು; ಅಲ್ಲಿನ ಅಂತರ್ಜಲದಲ್ಲಿ ಹಲ್ಲು, ಮೂಳೆಗಳಿಗೆ ಹಾನಿ ಮಾಡುವಷ್ಟು ಫ್ಲೋರೈಡ್ ಇರುವುದುಂಟು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ದಯವಿಟ್ಟು ನಿಮ್ಮ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಲೋಟದ ನೀರು ಬೆಳ್ಳಗಾಯಿತು. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದು ಹೇಗೆ?

ಉತ್ತರ 1:
ಮೋಲಾರ್ ದ್ರವ್ಯರಾಶಿಗಳನ್ನು ಹೋಲಿಸಿ. ಕ್ಯಾಲ್ಸಿಯಂ ಕ್ಲೋರೈಡ್ 111, ಕ್ಯಾಲ್ಸಿಯಂ ಕಾರ್ಬೊನೇಟ್ 100. ಆದ್ದರಿಂದ ಒಂದು ಲೀಟರ್ ನೀರಿನಲ್ಲಿ 222 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ ಗಡಸುತನ 200 ಪಿಪಿಎಂ (ಅಂದರೆ ಲೀಟರಿಗೆ 200 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ).