ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಬಿಲ್ಲೆಗಳು ಮತ್ತು ಪದಕಗಳು: ಗುರುತಿಸುವುದು ಹೇಗೆ, ಕಾಪಾಡುವುದು ಹೇಗೆ?

ಪ್ರಶ್ನೆ: ವಿರಾಜಪೇಟೆಯ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮನೆಯ ಅಟ್ಟದಲ್ಲಿದ್ದ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ನಾಣ್ಯದಂತೆ ಕಂಡರೂ ನಾಣ್ಯವಲ್ಲದ ಕೆಲವು ವಸ್ತುಗಳು ದೊರೆತಿವೆ. ಹಿತ್ತಾಳೆಯ ಕೆಲವು ದುಂಡು ಬಿಲ್ಲೆಗಳಿದ್ದು, ಅವುಗಳ ಮೇಲಂಚಿನಲ್ಲಿ ತೂತು, ನಡುವೆ ಇಂಗ್ಲಿಷಿನ ಎರಡು ಅಕ್ಷರಗಳು ಮತ್ತು ಒಂದು ಸಂಖ್ಯೆ ಇವೆ. ಜೊತೆಗೆ ಎರಡು ಪದಕಗಳಿವೆ. ಒಂದು ಬೆಳ್ಳಿಯದು, ಇನ್ನೊಂದು ಕಂಚಿನದು, ಎರಡರ ಅಂಚಿನಲ್ಲಿಯೂ ಸಣ್ಣ ಅಕ್ಷರಗಳ ಬರಹವಿದೆ. ಶ್ರೀರಾಮ ಪಟ್ಟಾಭಿಷೇಕದ ಚಿತ್ರವಿರುವ ಒಂದು ನಾಣ್ಯವೂ ಇದೆ. ಇವೆಲ್ಲ ಏನು? ಕಪ್ಪುಗಟ್ಟಿರುವ ಇವನ್ನು ಕಾಚಂಪುಳಿಯಲ್ಲಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸದಲ್ಲಿ) ನೆನೆಸಿಟ್ಟರೆ ಹೊಳೆಯುತ್ತವೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ, ಹಾಗೆ ಮಾಡಬಹುದೇ? ರಾಮನ ನಾಣ್ಯಕ್ಕೆ ಹಲವು ಲಕ್ಷ ಕೊಡುವುದಾಗಿಯೂ, ಮೊದಲು ನೋಂದಣಿ ಶುಲ್ಕ ಕಟ್ಟಬೇಕೆಂದೂ ಒಬ್ಬರು ದೂರವಾಣಿಯಲ್ಲಿ ಹೇಳಿದ್ದಾರೆ.

ಉತ್ತರ: ಸಿದ್ದಾಪುರದ ಸಂಗ್ರಾಹಕ

ಮೊದಲು ಆ ದೂರವಾಣಿಯ ವಿಷಯ: ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ. ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ಶುಲ್ಕ, ಕಮಿಷನ್ ಅಥವಾ ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ನಿಮ್ಮಲ್ಲಿರುವುದು ರಾಮಟಂಕವೆಂದು ಕರೆಯಲಾಗುವ ಪೂಜೆಯ ಬಿಲ್ಲೆ. ಅದು ಚಲಾವಣೆಯ ಹಣವಲ್ಲ. ಈಗ ಮನೆಗಳಲ್ಲಿ ಕಾಣಸಿಗುವ ಬಹುಪಾಲು ರಾಮಟಂಕಗಳು ಇತ್ತೀಚಿನ ಕಾಲದವು, ಅವುಗಳ ಮೇಲಿನ ಇಸವಿಯನ್ನು ನಂಬುವಂತಿಲ್ಲ. ಇದೇ ರೀತಿ ದೇವರ ಚಿತ್ರದೊಂದಿಗೆ ಈಸ್ಟ್ ಇಂಡಿಯಾ ಕಂಪನಿ, 1818, ಒಂದಾಣೆ ಎಂದು ಬರೆದ ತಾಮ್ರದ ಬಿಲ್ಲೆಗಳೂ ಸಿಗುತ್ತವೆ. ಅವು ಕಂಪನಿಯ ನಾಣ್ಯಗಳೇ ಅಲ್ಲ. ಬ್ರಿಟಿಷ್ ಭಾರತದ ನಿಕಲ್ ಮಿಶ್ರಣದ ಒಂದಾಣೆ ನಾಣ್ಯವೇ ಚಲಾವಣೆಗೆ ಬಂದದ್ದು 1907ರಲ್ಲಿ. ಆದ್ದರಿಂದ ನಿಮ್ಮ ರಾಮಟಂಕವನ್ನು ದೇವರ ಕೋಣೆಯಲ್ಲಿ ನಿಶ್ಚಿಂತೆಯಿಂದ ಇಡಬಹುದು.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಹಿತ್ತಾಳೆಯ ಬಿಲ್ಲೆಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಲ್ಲರೆ ನಾಣ್ಯಗಳ ಅಭಾವವಿದ್ದ ಕಾಲಕ್ಕೆ ಸಿಲೋನಿನ (ಇಂದಿನ ಶ್ರೀಲಂಕಾದ) ಕಾಫಿ ಉದ್ಯಮದವರು ತಮ್ಮದೇ ಲೋಹದ ಟೋಕನ್‌ಗಳನ್ನು ಮಾಡಿಸಿಕೊಂಡಿದ್ದರು. ಕೊಲಂಬೊದ ವೇಕಂದೆ ಮಿಲ್ಸ್ ಎಂಬ ಹೆಸರು ಮತ್ತು 1843ರ ಇಸವಿ ಇರುವ ಟೋಕನ್ ಸಂಗ್ರಾಹಕರಿಗೆ ಚೆನ್ನಾಗಿ ಗೊತ್ತು. ಕುಯ್ದ ಕಾಫಿ ಹಣ್ಣನ್ನು ಅಳೆದುಕೊಟ್ಟ ಕಾರ್ಮಿಕನ ಕೈಗೆ ಅಳತೆಗೊಂದರಂತೆ ಬಿಲ್ಲೆ ಕೊಟ್ಟು, ಬಟವಾಡೆಯ ದಿನ ಅದನ್ನು ಹಿಂದಕ್ಕೆ ಪಡೆದು ಹಣ ಕೊಡುವ ಪದ್ಧತಿ ತೋಟಗಳಿಗೆ ಅನುಕೂಲವಾಗಿತ್ತು, ಏಕೆಂದರೆ ಓದು ಬರಹ ಬಾರದವರಿಗೂ ತಾವು ಎಷ್ಟು ಕೆಲಸ ಮಾಡಿದೆವೆಂಬುದು ಕೈಯಲ್ಲಿರುವ ಬಿಲ್ಲೆಗಳಿಂದಲೇ ತಿಳಿಯುತ್ತಿತ್ತು. ನಮ್ಮ ಕೊಡಗಿನಲ್ಲಿಯೂ 1850ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟಗಳಿದ್ದುದರಿಂದ ನಿಮ್ಮ ಬಿಲ್ಲೆಗಳು ಈ ವರ್ಗಕ್ಕೆ ಸೇರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಆದರೆ ತೂತು ಮತ್ತು ಸಂಖ್ಯೆಯನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಹಾಜರಿ ಬಿಲ್ಲೆ, ಉಗ್ರಾಣದಲ್ಲಿ ಉಪಕರಣ ಕೊಡುವಾಗ ಇಟ್ಟುಕೊಳ್ಳುವ ಬಿಲ್ಲೆ, ಪುರಸಭೆಯವರು ಸಾಕುನಾಯಿಯ ಕೊರಳಿಗೆ ಕೊಡುವ ಪರವಾನಗಿ ಬಿಲ್ಲೆ, ಇವೆಲ್ಲವೂ ಇದೇ ಆಕಾರದವು. ತೂತಿನ ಮೇಲ್ಭಾಗ ಮಾತ್ರ ಸವೆದು ಉದ್ದವಾಗಿದ್ದರೆ ಅದು ಬಹುಕಾಲ ಮೊಳೆಗೋ ದಾರಕ್ಕೋ ತೂಗಿತ್ತೆಂದು ಊಹಿಸಬಹುದು. ಬಿಲ್ಲೆಯ ಮೈಯೆಲ್ಲ ಸಮನಾಗಿ ಸವೆದಿದ್ದರೆ ಅದು ಕೈಯಿಂದ ಕೈಗೆ ಓಡಾಡಿದೆ. ಆ ಎರಡು ಅಕ್ಷರಗಳನ್ನು ಮನೆಯಲ್ಲಿರುವ ಹಳೆಯ ಜಮೀನು ಪತ್ರ, ತೋಟದ ರೈಟರ್ (ಗುಮಾಸ್ತ) ಬರೆದ ಚೆಕ್ ರೋಲ್ ಎಂಬ ಕಾರ್ಮಿಕರ ಹಾಜರಿ ಪುಸ್ತಕ, ಕಾಫಿ ಚೀಲಗಳ ಮೇಲೆ ಗುರುತು ಹಾಕುತ್ತಿದ್ದ ತಗಡಿನ ಅಚ್ಚು ಇವುಗಳೊಂದಿಗೆ ಹೋಲಿಸಿ ನೋಡಿ. ತೋಟದ ಹೆಸರು ಹೊಂದಿಕೆಯಾದರೆ ಸಾಮಾನ್ಯ ಹಿತ್ತಾಳೆಯ ತುಂಡು ಒಂದು ಊರಿನ ದುಡಿಮೆಯ ದಾಖಲೆಯಾಗುತ್ತದೆ.

ಉತ್ತರ: ಮಡಿಕೇರಿಯ ನಿವೃತ್ತ ಶಿಕ್ಷಕಿ

ಪದಕಗಳ ಬಗ್ಗೆ ಬರೆಯುತ್ತೇನೆ. ಬೆಳ್ಳಿಯ ಪದಕದ ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಕುದುರೆಯೇರಿದ ಪುರುಷ ಹಾಗೂ 1914 ಮತ್ತು 1918ರ ಇಸವಿಗಳಿದ್ದರೆ ಅದು ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಕಂಚಿನದರಲ್ಲಿ ರೆಕ್ಕೆಯುಳ್ಳ ವಿಜಯದೇವತೆ ಇದ್ದರೆ ಅದು ಅದರ ಜೊತೆಗೇ ಬರುವ ವಿಕ್ಟರಿ ಮೆಡಲ್. ಎರಡರ ವ್ಯಾಸವೂ ಸುಮಾರು 36 ಮಿಲಿಮೀಟರ್. ಇವು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಂಚಿಕೆಯಾದ ಪದಕಗಳಾದ್ದರಿಂದ ಬಗೆಯ ದೃಷ್ಟಿಯಿಂದ ಅಪರೂಪವೇನಲ್ಲ. ಅವುಗಳ ನಿಜವಾದ ಮಹತ್ವವಿರುವುದು ಅಂಚಿನಲ್ಲಿ: ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಎಲ್ಲವೂ ಅಲ್ಲಿ ಅಚ್ಚಾಗಿರುತ್ತವೆ. ಓರೆ ಬೆಳಕಿನಲ್ಲಿ ಭೂತಗನ್ನಡಿಯಿಂದ ಓದಿ, ಸುತ್ತಲಿನ ಬರಹವನ್ನು ಒಂದಕ್ಷರವೂ ಬಿಡದಂತೆ ಬರೆದುಕೊಳ್ಳಿ; ಕಾಗುಣಿತ ತಪ್ಪೆಂದು ಕಂಡರೂ ತಿದ್ದಬೇಡಿ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ, ವಿಶೇಷವಾಗಿ 1980ರ ಸುಮಾರಿಗೆ, ಇಂಥ ಬೆಳ್ಳಿಯ ಪದಕಗಳು ದೊಡ್ಡ ಪ್ರಮಾಣದಲ್ಲಿ ಕರಗಿಹೋದವು. ಅದಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಕಂಚಿನದು ಒಂಟಿಯಾಗಿ ಉಳಿದಿದೆ. ನಿಮ್ಮಲ್ಲಿ ಜೋಡಿ ಉಳಿದಿದ್ದು, ಎರಡರ ಅಂಚಿನಲ್ಲಿಯೂ ಒಂದೇ ಹೆಸರಿದ್ದರೆ ಯಾವ ಕಾರಣಕ್ಕೂ ಅವನ್ನು ಅಗಲಿಸಬೇಡಿ.

ಕಾಚಂಪುಳಿಯನ್ನಂತೂ ಹತ್ತಿರ ತರಲೇಬೇಡಿ. ಹಂದಿಮಾಂಸದ ಅಡುಗೆಗೆ ಅದು ಬೇಕೇ ಬೇಕು, ಆದರೆ ಲೋಹದ ಮೇಲೆ ಅದರ ತೀಕ್ಷ್ಣವಾದ ಆಮ್ಲವು ಶತಮಾನದ ಮೇಲ್ಪದರವನ್ನು ಕಿತ್ತುಹಾಕುತ್ತದೆ. ಹುಣಸೆಹಣ್ಣು, ಬೂದಿ, ಪಾತ್ರೆ ತಿಕ್ಕುವ ಪುಡಿ ಇವೂ ಅಷ್ಟೇ ಹಾನಿಕರ. ಒಮ್ಮೆ ತಿಕ್ಕಿದ ಪದಕ ಮತ್ತೆ ಮೊದಲಿನಂತಾಗದು.

ಮರುಪ್ರಶ್ನೆ: ವಿರಾಜಪೇಟೆಯ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಮೇಡಂ, ನೀವು ಹೇಳಿದಂತೆ ಎರಡರ ಅಂಚಿನಲ್ಲಿಯೂ ಒಂದೇ ಹೆಸರಿದೆ, ಅದು ನಮ್ಮ ಮನೆತನದ್ದೇ. ನಮ್ಮ ಒಕ್ಕದ (ಕೊಡವ ಮನೆತನದ) ಒಂದು ಕವಲಿನವರ ಬಳಿ "ಕೊಡಗು ಮೆಡಲ್" ಎಂಬುದೊಂದು ಇತ್ತಂತೆ. ಅದು ಯಾವುದು? ನಮ್ಮ ಮಳೆಗಾಲದಲ್ಲಿ ಇವನ್ನು ಹೇಗೆ ಇಡಬೇಕು?

ಉತ್ತರ: ಮಡಿಕೇರಿಯ ನಿವೃತ್ತ ಶಿಕ್ಷಕಿ

ಅದು 1837ರ ಪದಕವಾಗಿರಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿಯು ಕೊಡಗನ್ನು ವಶಪಡಿಸಿಕೊಂಡ ಮೂರು ವರ್ಷಗಳಲ್ಲಿ, ಈಗ ಅಮರ ಸುಳ್ಯ ಹೋರಾಟವೆಂದು ಕರೆಯುವ ಬಂಡಾಯ ಎದ್ದಿತು. ಅದನ್ನು ಅಡಗಿಸಲು ತನಗೆ ನೆರವಾದ ಕೊಡಗಿನವರಿಗೆ ಕಂಪನಿಯು ಚಿನ್ನ ಮತ್ತು ಬೆಳ್ಳಿಯಲ್ಲಿ ಈ ಪದಕವನ್ನು ಕೊಟ್ಟಿತು. ಅದರ ಮೇಲೆ ಕೊಡವ ಯೋಧನ ಚಿತ್ರವೂ ಕನ್ನಡದ ಬರಹವೂ ಇವೆ. ಅದೇ ಬಂಡಾಯದಲ್ಲಿ ಪಾಲ್ಗೊಂಡ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಒಂದು ಮನೆತನಕ್ಕೆ ಗೌರವವಾಗಿದ್ದ ಈ ಲೋಹ ಇನ್ನೊಂದು ಮನೆತನಕ್ಕೆ ಏನಾಗಿತ್ತೆಂಬುದನ್ನೂ ಬರೆದಿಡದಿದ್ದರೆ ಪದಕದ ಕಥೆ ಅರ್ಧವೇ ಆಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದರ ನಂತರದ ಕಾಲದ ಪ್ರತಿಗಳೂ ಇರುವುದರಿಂದ, ಆ ಕವಲಿನವರ ಬಳಿ ಪದಕ ಈಗಲೂ ಇದ್ದರೆ ತೂಕ, ವ್ಯಾಸಗಳನ್ನು ಅಳೆದು, ಎರಡೂ ಬದಿಯ ಸ್ಪಷ್ಟ ಛಾಯಾಚಿತ್ರ ತೆಗೆದು, ಬಲ್ಲವರಿಗೆ ತೋರಿಸಿದ ಮೇಲೆಯೇ ಅಸಲಿ ಎನ್ನಬೇಕು. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ವಿದೇಶಕ್ಕೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ನಿರ್ಬಂಧಿಸುತ್ತದೆ; ಹೊರದೇಶದ ನೆಂಟರಿಗೆ ಉಡುಗೊರೆಯಾಗಿ ಕೊಡುವ ಮೊದಲು ಇದನ್ನು ನೆನಪಿಡಿ.

ಇನ್ನು ಮಳೆಗಾಲದ ಮಾತು. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆಯ ಆಲ್ಬಮ್ ಬೇಡ. ಅದರಿಂದ ಹೊರಡುವ ರಾಸಾಯನಿಕ ತಾಮ್ರ ಮತ್ತು ಬೆಳ್ಳಿಯ ಮೇಲೆ ಹಸಿರು ಜಿಗುಟಾಗಿ ಕೂರುತ್ತದೆ. ಪಾಲಿಯೆಸ್ಟರ್ ಲಕೋಟೆಗಳಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪೊಟ್ಟಣಗಳನ್ನು ಆಗಾಗ್ಗೆ ಬದಲಾಯಿಸಬೇಕು. ರಿಬ್ಬನ್ ಇದ್ದರೆ ಒಗೆಯಬೇಡಿ, ಹೊಸದನ್ನು ಹೊಲಿಸಬೇಡಿ. ಪ್ರತಿ ಲಕೋಟೆಯೊಳಗೆ ಒಂದು ಚೀಟಿಯಿರಲಿ: ಯಾರದ್ದು, ಯಾರಿಂದ ಬಂತು, ಯಾವ ಪೆಟ್ಟಿಗೆಯಲ್ಲಿ ಯಾವುದರ ಜೊತೆ ಇತ್ತು. ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ, ಅಂಚಿನ ಬರಹವನ್ನು ಇಲ್ಲಿ ಹಾಕಿದರೆ ದಳವನ್ನು ಗುರುತಿಸಲು ನಾನೂ ಪ್ರಯತ್ನಿಸುತ್ತೇನೆ.