ದುರ್ಗ, ದಾವಣಗೆರೆ ಎರಡು ದಿನ: ನಾಲ್ಕು ವರ್ಷದ ಮಗ, ಮೊಣಕಾಲು ನೋವಿನ ಅತ್ತೆ, ಕೋಟೆ ಹತ್ತೋದು ಹೇಗೆ?

ರಾಜಾಜಿನಗರದಮ್ಮ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಎರಡು ದಿನ ಚಿತ್ರದುರ್ಗ, ದಾವಣಗೆರೆ ನೋಡ್ಕೊಂಡು ಬರೋಣ ಅಂತಿದೀವಿ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ನಮ್ಮತ್ತೆ. ಅತ್ತೆಗೆ ಮೊಣಕಾಲು ನೋವು, ಆದ್ರೆ ಮನೇಲಿ ಉಳಿಯೋ ಪೈಕಿ ಅಲ್ಲ. ಮಗಳು ಹೋದ ವರ್ಷ ಸ್ಕೂಲಲ್ಲಿ ಓಬವ್ವನ ವೇಷ ಹಾಕಿದ್ಲು. ಒನಕೆ ಎಲ್ಲಿಂದ ತರೋದು, ಲಟ್ಟಣಿಗೆ ಕೊಟ್ಟು ಕಳಿಸಿದ್ದೆ. ಆವತ್ತಿಂದ ಕಿಂಡಿ ತೋರಿಸು ಅಂತ ಜೀವ ತಿಂತಿದಾಳೆ.

ಕೇಳಬೇಕಾಗಿರೋದು ಮೂರು. ಕೋಟೆಗೆ ಎಷ್ಟು ಹೊತ್ತು ಇಟ್ಕೋಬೇಕು? ಬೆಣ್ಣೆ ದೋಸೆ ಮಕ್ಕಳಿಗೆ ಖಾರ ಆಗುತ್ತಾ? ಯಜಮಾನರಿಗೆ ಅಷ್ಟು ದೂರ ಕಾರು ಓಡಿಸೋಕೆ ಬೇಜಾರು, ರೈಲಲ್ಲಿ ಬಂದ್ರೆ ನಡೆಯುತ್ತಾ?

ಮಂಡಕ್ಕಿ ಮಾವ

ಅಕ್ಕಾರೆ, ನಾನು ದಾವಣಗೆರೆಯವನು. ಬೇಸಿಗೆ ರಜೆ ಬಂತಂದ್ರೆ ಅಕ್ಕನ ಮಕ್ಕಳು ಬೆಂಗಳೂರಿಂದ ಇಳೀತಾವೆ, ಅವನ್ನ ಕೋಟೆ ಹತ್ಸೋದು ನನ್ನ ಪಾಲಿನ ಕೆಲಸ. ಏಳೆಂಟು ಸಲ ಹತ್ತಿಸೀನಿ. ಮೊದಲ್ನೇ ಸಲ ಮಾಡಿದ ತಪ್ಪು ಹೇಳಿಬಿಡ್ತೀನಿ. ಏಪ್ರಿಲ್ ತಿಂಗಳು, ಮನೇಲಿ ನಿಧಾನಕ್ಕೆ ತಿಂಡಿ ತಿಂದು ಹನ್ನೊಂದಕ್ಕೆ ಕೋಟೆ ಬಾಗಿಲಿಗೆ ಹೋದ್ವಿ. ಬಂಡೆ ಕಾದು ಹೆಂಚಾಗಿತ್ತು. ಏಕನಾಥೇಶ್ವರಿ ಗುಡಿ ಮೆಟ್ಲಲ್ಲಿ ಸಣ್ಣವನು ಕೂತ್ಬಿಟ್ಟ, ಏಳೋ ಮಾತೇ ಇಲ್ಲ. ಹೆಗಲ ಮೇಲೆ ಹೊತ್ತೆ. ಹೊತ್ತ ಗಳಿಗೆಗೆ ಹಿಂದಿಂದ ಒಂದು ಮಂಗ ಬಂದು ಬ್ಯಾಗಿನ ಪಕ್ಕದ ಜೇಬಲ್ಲಿದ್ದ ಬಿಸ್ಕತ್ತು ಕಿತ್ಕೊಂಡು ಹೋಯ್ತು. ದುರ್ಗದ ಮಂಗಕ್ಕೆ ಪ್ಲಾಸ್ಟಿಕ್ ಕವರಿನ ಸದ್ದೊಂದು ಕೇಳಿದ್ರೆ ಸಾಕ್ರಿ, ಒಳಗೇನಿದೆ ಅಂತ ನೋಡೋಕೂ ಹೋಗಲ್ಲ. ಬಟ್ಟೆ ಚೀಲದಾಗೆ ನೀರಿನ ಬಾಟ್ಲಿ ಮಾತ್ರ ಹಾಕ್ಕೊಂಡು ಹೋಗ್ರಿ.

ಅದಕ್ಕೇ ಹೇಳೋದು, ಹಿಂದಿನ ರಾತ್ರಿನೇ ಬಂದು ದುರ್ಗದಾಗೆ ಉಳೀರಿ. ಬೆಳಗ್ಗೆ ಏಳಕ್ಕೆಲ್ಲಾ ಕೋಟೆ ಬಾಗಿಲಲ್ಲಿರ್ರಿ, ಹತ್ತೂವರೆಗೆ ಇಳಿದುಬಿಡ್ರಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಏಳುಸುತ್ತಿನ ಕೋಟೆ, ಹತ್ತೊಂಬತ್ತು ಬಾಗಿಲು, ಎಲ್ಲಾ ನೋಡ್ತೀನಿ ಅಂದ್ರೆ ದೊಡ್ಡೋರಿಗೇ ಒಂದು ದಿನ ಬೇಕು. ನಾಲ್ಕು ವರ್ಷದ ಕಾಲಿಗೆ ಆಗೋ ಮಾತಲ್ಲ. ನಿಮ್ಮತ್ತೆಯವರು ಕೆಳಗಡೆ ಸಿಡಿಮದ್ದು ಅರೆಯೋ ಬೀಸುಕಲ್ಲು, ಎಣ್ಣೆಕೊಳ ನೋಡಿ ನೆರಳಲ್ಲಿ ಕೂತ್ಕೊಳ್ಳಿ. ಗುಂಡಿಯೊಳಗೆ ನಾಲ್ಕು ಕಲ್ಲು ಅವೆ, ಒಂದೊಂದೂ ಆಳೆತ್ತರ. ಆನೆ ಕಟ್ಟಿ ತಿರುಗಿಸ್ತಿದ್ರು ಅಂತಾರೆ.

ಮಗಳಿಗೆ ಕಿಂಡಿ ತೋರಿಸೋ ಮುಂಚೆ ತಣ್ಣೀರು ದೋಣಿ (ಬಂಡೇಲಿ ನೀರು ನಿಲ್ಲೋ ಜಾಗ) ಹತ್ರ ನಿಲ್ಲಿಸ್ರಿ. ಕಾವಲು ಕಾಯೋ ಗಂಡ ಮನೇಲಿ ಊಟಕ್ಕೆ ಕೂತಿದ್ದ, ಕುಡಿಯೋಕೆ ನೀರಿಲ್ಲ, ಆಯಮ್ಮ ಕೊಡ ಹಿಡ್ಕೊಂಡು ಬಂದಿದ್ದು ಇಲ್ಲಿಗೇ, ಹೈದರನ ಸೈನಿಕರ ಪಿಸುಮಾತು ಕಿವಿಗೆ ಬಿದ್ದಿದ್ದೂ ಇಲ್ಲೇ, ಅಂತ ಅಲ್ಲೇ ನಿಂತು ಹೇಳ್ರಿ. ಆಮೇಲೆ ಕಿಂಡಿಗೆ ಕರ್ಕೊಂಡು ಹೋಗ್ರಿ. ನೇರ ಕಿಂಡಿಗೆ ಹೋದ್ರೆ ಮಕ್ಕಳು "ಇಷ್ಟೇನಾ?" ಅಂತಾವೆ. ಯಾಕಂದ್ರೆ ಅದು ಇರೋದೇ ಅಷ್ಟು, ಬಂಡೆ ಸಂದೀಲಿ ಒಬ್ಬ ಆಳು ಬಗ್ಗಿ ನುಸುಳೋವಷ್ಟು ಜಾಗ.

ಶಕ್ತಿ ಉಳಿದ್ರೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದ್ರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಒಂದು ಮೋಟ್ರಿಲ್ಲ, ಒಂದು ಪೈಪಿಲ್ಲ. ನನ್ನ ಅಕ್ಕನ ಮಗಳು ಮದಕರಿ ನಾಯಕನ್ನ ಮರೆತಾಳೆ, ಇದನ್ನ ಮರೆತಿಲ್ಲ.

ಇನ್ನು ದೋಸೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಹಾಕಿ ರುಬ್ತಾರೆ, ಸೌದೆ ಒಲೆ ಮೇಲೆ ಬೇಯಿಸ್ತಾರೆ. ಆಲೂಗಡ್ಡೆ ಪಲ್ಯ ಬೆಳ್ಳಗೆ ಇರ್ತೈತೆ, ಖಾರ ಇಲ್ಲ. ಖಾರ ಏನಿದ್ರೂ ಚಟ್ನೀಲಿ. ಸಾಂಬಾರ್ ಕೇಳಬ್ಯಾಡ್ರಿ, ಮುಖ ನೋಡ್ತಾರೆ. ಸಣ್ಣವನಿಗೆ "ಖಾಲಿ" ಹೇಳ್ರಿ. ಪಲ್ಯ ಇಲ್ಲದ ಮೆತ್ತನೆ ದೋಸೆ, ಮೇಲೊಂದು ಮುದ್ದೆ ಬೆಣ್ಣೆ. ಬೋರ್ಡ್ ದೊಡ್ಡದಿದ್ರೆ ದೋಸೆ ಚೆನ್ನಾಗಿರ್ತೈತೆ ಅಂತೇನಿಲ್ಲ ಮತ್ತೆ. ಹೆದ್ದಾರಿ ಪಕ್ಕದ ಒಂದು ಕಡೆ, ಹೆಸರು ಬೇಡ, ನಾಲಿಗೆಗೆ ಮೇಣದಂಗೆ ಅಂಟ್ಕೊಳ್ಳೋ ಬೆಣ್ಣೆ ಹಾಕಿದ್ರು. ಊರೊಳಗೆ ಬಂದು, ಹೊಗೆ ಬರೋ ಒಲೆ ಕಂಡಲ್ಲಿ ಕೂರ್ರಿ.

ಸಂಜೆ ಗಾಜಿನಮನೆ, ಪಕ್ಕದಲ್ಲೇ ಕುಂದುವಾಡ ಕೆರೆ. ಮಕ್ಕಳು ಓಡಾಡ್ಲಿ. ಆಮೇಲೆ ಮಂಡಕ್ಕಿ, ಮಿರ್ಚಿ. ಪರಿಚಯದೋರು ಸಿಕ್ರೆ ಮಂಡಕ್ಕಿ ಭಟ್ಟಿಯನ್ನೂ ತೋರಿಸ್ರಿ. ಕೆಂಪಗೆ ಕಾದ ಮರಳಿಗೆ ಅಕ್ಕಿ ಸುರಿದು ಎರಡು ಸಲ ಕೈ ಆಡಿಸೋದ್ರಾಗೆ ಉಬ್ಬಿ ಬಾಣಲೆ ತುಂಬ್ತೈತೆ, ಜರಡಿ ಹಿಡಿದ್ರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆ ಜಾಸ್ತಿ, ಹತ್ತು ನಿಮಿಷ ಸಾಕು.

ಕೋಟೆ ಬೀದಿಯವನು

ದಾವಣಗೆರೆಯವರಿಗೆ ನಮ್ಮೂರಲ್ಲಿ ಕೋಟೆ ಒಂದೇ ಕಾಣೋದು. ಚಂದ್ರವಳ್ಳಿ ಯಾಕ್ರಿ ಬಿಟ್ರಿ ಮಾವ? ಊರಿಗೆ ಅಂಟ್ಕೊಂಡಂಗೇ ಇದೆ, ಕೆರೆ ಇದೆ, ನೆರಳಿದೆ, ಅತ್ತೆಯವರಿಗೂ ಅಷ್ಟು ಹತ್ತೋದಿರಲ್ಲ. ಭೈರವೇಶ್ವರ ಗುಡಿ ಹತ್ರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗ ಅದು, ರೋಮನ್ ನಾಣ್ಯ ಸಿಕ್ಕ ಊರು. ಅಂಕಲಿ ಮಠದ ಗುಹೆ ಒಳಗೆ ಕಗ್ಗತ್ತಲು. ಮಗಳನ್ನ ಟಾರ್ಚ್ ಹಿಡಿದು ಕರ್ಕೊಂಡು ಹೋಗಿ, ಸಣ್ಣವನು ಅಜ್ಜಿ ಹತ್ರ ಇರಲಿ.

ರೈಲಿನ ವಿಷಯ: ಬೆಂಗಳೂರು-ಹುಬ್ಬಳ್ಳಿ ಮೇನ್ ಲೈನು ದುರ್ಗಕ್ಕೆ ಬರಲ್ಲ, ಚಿಕ್ಕಜಾಜೂರು ಮೇಲೆ ಹೋಗುತ್ತೆ. ತುಮಕೂರಿಂದ ನೇರ ದಾರಿ ಎಷ್ಟು ವರ್ಷದಿಂದ ಕೇಳ್ತಿದೀವೋ ಆ ದೇವರಿಗೇ ಗೊತ್ತು. ಮೇನ್ ಲೈನಿನ ರೈಲಲ್ಲಿ ಬರೋದಾದ್ರೆ ಸಾಮಾನ್ಯವಾಗಿ ದಾವಣಗೆರೆಯಲ್ಲಿಳಿದು ಅರವತ್ತು ಕಿಲೋಮೀಟರ್ ವಾಪಸ್ ಬರಬೇಕಾಗುತ್ತೆ. ಮಕ್ಕಳು, ವಯಸ್ಸಾದೋರು ಇದ್ರೆ ಕಾರೇ ವಾಸಿ. ಬೆಂಗಳೂರಿಂದ ಇನ್ನೂರು ಕಿಲೋಮೀಟರ್, ರಸ್ತೆ ಚೆನ್ನಾಗಿದೆ.

ಹಿರಿಯೂರು ಹುಡುಗಿ

ಕಾರಾದ್ರೆ ನಮ್ಮೂರಲ್ಲಿ ತಿರುಗಿಸಿ ವಾಣಿವಿಲಾಸ ಸಾಗರ ನೋಡ್ಕೊಂಡು ಹೋಗಿ. ನಾವು ಮಾರಿಕಣಿವೆ ಅಂತೀವಿ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದಿದ್ದು 2022ರಲ್ಲೇ. ಆವತ್ತು ನಮ್ಮಜ್ಜಿನ ಕುರ್ಚಿ ಸಮೇತ ಹೊತ್ಕೊಂಡು ಹೋಗಿ ತೋರಿಸಿದ್ವಿ.

ರಾಜಾಜಿನಗರದಮ್ಮ

ಹೋಗಿ ಬಂದ್ವಿ! ಕಾರಲ್ಲೇ. ಮಾವನ ಮಾತು ಕೇಳಿ ಏಳೂಕಾಲಿಗೆ ಕೋಟೆ ಒಳಗಿದ್ವಿ. ತಣ್ಣೀರು ದೋಣಿ ಹತ್ರ ಕಥೆ ಹೇಳೋಕೆ ಶುರು ಮಾಡಿದ್ದು ನಾನು, ಮುಗಿಸಿದ್ದು ಮಗಳು. ಕಿಂಡಿ ಒಳಗೆ ಭುಜದವರೆಗೂ ಕೈ ತೂರಿಸಿ ನೋಡಿ, "ಇಲ್ಲಿ ಒನಕೆ ಬೀಸೋಕೆ ಜಾಗ ಎಲ್ಲಮ್ಮಾ, ಮೇಲಿಂದ ಕುಟ್ಟಬೇಕು ಅಷ್ಟೇ" ಅಂದ್ಲು. ನನಗೆ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ.

ಬಟ್ಟೆ ಚೀಲ ಮಾಡಿದ್ವಿ, ಆದ್ರೂ ಯಜಮಾನರ ಜೇಬಲ್ಲಿದ್ದ ಚಿಕ್ಕಿ ಮಂಗದ ಪಾಲಾಯ್ತು. ಮಗ ಮೂರು ಖಾಲಿ ತಿಂದ. ಚಂದ್ರವಳ್ಳಿ ಅತ್ತೆಗೆ ಬಹಳ ಹಿಡಿಸ್ತು, ಗುಹೆಗೆ ಮಾತ್ರ ನಾನೇ ಹೆದರಿ ಹೋಗಲಿಲ್ಲ, ಅಪ್ಪ ಮಗಳು ಹೋದ್ರು. ಮಾರಿಕಣಿವೆಗೆ ಹೊತ್ತು ಸಾಲಲಿಲ್ಲ.

ಮಾವ, ಒಂದು ಮಾತು. ಐದು ಸೇರು ಮಂಡಕ್ಕಿ ತಂದ್ವಿ, ಮೂರೇ ದಿನಕ್ಕೆ ಮೆತ್ತಗಾಗಿದೆ. ಅತ್ತೆ ನನ್ನ ಮುಖ ನೋಡ್ತಿದಾರೆ.

ಮಂಡಕ್ಕಿ ಮಾವ

ಒಗ್ಗರಣೆ ಮುಂಚೆ ಬರೀ ಬಾಣಲೇಲಿ ಸಣ್ಣ ಉರಿ ಮೇಲೆ ಐದು ನಿಮಿಷ ಆಡಿಸ್ರಿ, ಗರಿಗರಿ ಆಗ್ತಾವೆ. ಉಳಿದಿದ್ದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡ್ರಿ. ಅಷ್ಟಕ್ಕೂ ಐದು ಸೇರು ಮೂರು ದಿನ ಉಳಿಸಿದ್ದು ನಿಮ್ಮ ತಪ್ಪು, ನಮ್ಮನೇಲಿ ಒಂದು ಸಂಜೆಗೆ ಸಾಲಲ್ಲ.