ಸಹಾಯ ಬೇಕು: ತೀರಿಕೊಂಡ ಅಮ್ಮನ ಗಡ್ಡೆಯ ಬ್ಲಾಕ್ ಸಂಶೋಧನೆಗೆ ಕೊಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಜ್ಜಿಗೂ ಅದೇ ಆಗಿತ್ತು. ಸುಮ್ನೆ ಅಳುತ್ತಾ ಕೂರುವುದಕ್ಕಿಂತ ಅಮ್ಮನ ಹೆಸರಲ್ಲಿ ಏನಾದರೂ ಮಾಡೋಣ ಅಂತ ಅಕ್ಕ, ನಾನು, ತಮ್ಮ ಒಂದು ಸಂಶೋಧನೆಗೆ ಸೇರಿದ್ದೇವೆ, ರಕ್ತವನ್ನೂ ಕೊಟ್ಟಿದ್ದೇವೆ. ತಮ್ಮ ಯಾಕೆ ಅಂತ ಕೆಲವರು ಕೇಳಿದರು. ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವಂಥ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಾಯಿಯಲ್ಲಿದ್ದರೆ ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ 50%.

ತೊಡಕು ಇರುವುದು ಬೇರೆ ಕಡೆ. ಅಮ್ಮ ಇದ್ದಾಗ ಜೀನ್ ಪರೀಕ್ಷೆ ಮಾಡಿಸಿರಲಿಲ್ಲ. ಅವರಲ್ಲಿ ಯಾವ ದೋಷ ಇತ್ತು ಅಂತ ಗೊತ್ತಿಲ್ಲದೆ, ನಮಗೆ 'ಏನೂ ಇಲ್ಲ' ಅಂತ ಬಂದರೂ ಪೂರ್ತಿ ನಂಬುವ ಹಾಗಿಲ್ಲ. ಕಾಯಿಲೆ ಬಂದವರನ್ನೇ ಮೊದಲು ಪರೀಕ್ಷಿಸಬೇಕು ಅನ್ನುವುದು ಇದಕ್ಕೇ ಅಲ್ವಾ? ಈಗ ಉಳಿದಿರುವುದು ಆಪರೇಷನ್‌ನಲ್ಲಿ ತೆಗೆದು ಮೇಣದ ಬ್ಲಾಕ್‌ನಲ್ಲಿ ಇಟ್ಟ ಗಡ್ಡೆಯ ತುಂಡು ಮಾತ್ರ. ಅಮ್ಮನದು ಅಂತ ಉಳಿದಿರುವ ಅಷ್ಟೂ ವ್ಯರ್ಥವಾಗಬಾರದು.

ಆಸ್ಪತ್ರೆಗೆ ಎರಡು ಸಲ ಹೋದೆ. ಸಂಶೋಧನೆಯವರೇ ಪತ್ರ ಕೊಡಲಿ ಅಂದರು. ಸಂಶೋಧನೆಯವರು ಮನೆಯವರೇ ಕೇಳಬೇಕು ಅನ್ನುತ್ತಾರೆ. ಅಪ್ಪನೂ ಇಲ್ಲ. ಮೂವರು ಮಕ್ಕಳಲ್ಲಿ ಒಬ್ಬರ ಸಹಿ ಸಾಕೋ, ಎಲ್ಲರದೂ ಬೇಕೋ, ಅದಕ್ಕೂ ಉತ್ತರವಿಲ್ಲ.

ತೀರಿಕೊಂಡವರ ಬ್ಲಾಕ್ ಹೀಗೆ ಕೊಡಿಸಿದವರು ಇಲ್ಲಿ ಇದ್ದೀರಾ? ಅರ್ಜಿ ಯಾರು ಕೊಟ್ಟಿರಿ, ಯಾವ ಕಾಗದ ಕೇಳಿದರು?